ಅಲೆಯ ಮೇಲೆ ನಮ್ಮ ಲಿಪಿ

2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿದಾಗ ಗದ್ವಾಲ ಸೀಮೆ ನೆರೆಯ ಸಂಕಟವನ್ನು ಕಂಡಿತು. ಅಂತಹ ವಿಪತ್ತಿನಲ್ಲಿ ದೂರವಾಣಿ ಮೌನವಾದರೂ, ಪರವಾನಗಿ ಪಡೆದ ಹವ್ಯಾಸಿಯ ರೇಡಿಯೋ ಗಣಕದ ನೆರವಿನಿಂದ ಅಕ್ಷರಸಂದೇಶವನ್ನು ಒಯ್ಯಬಲ್ಲದು. ನಾರಾಯಣಪೇಟೆ, ಮಕ್ತಲ್ ಕಡೆಯ ಆಸಕ್ತರು ಇದಕ್ಕೆ ಯಾವ ತಂತ್ರಾಂಶವನ್ನು ಆರಿಸಬೇಕು?

ಜನಪ್ರಿಯವಾದ ಎಫ್‌ಟಿ8 ವಿಧಾನದಲ್ಲಿ ಸ್ವತಂತ್ರ ಸಂದೇಶಕ್ಕೆ 13 ಅಕ್ಷರಗಳ ಮಿತಿಯಿದೆ. ಅವೂ ರೋಮನ್ ಅಕ್ಷರಗಳೇ. ಎಫ್‌ಎಲ್‌ಡಿಜಿ ತಂತ್ರಾಂಶವಾದರೋ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಯುಟಿಎಫ್-8 ಸಂಕೇತವನ್ನೂ ಬಲ್ಲದು. ಆ ಸಂಕೇತದಲ್ಲಿ ರೋಮನ್ ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ ‘ಕ’ಕಾರಕ್ಕೆ 3 ಬೇಕು. ಕನ್ನಡ ನಿಧಾನವಾಗಿ ಸಾಗುತ್ತದೆ, ನಿಜ. ಆದರೂ ನದೀತೀರದ ಕನ್ನಡಿಗರಿಗೆ ಎಚ್ಚರಿಕೆ ಅವರ ನುಡಿಯಲ್ಲಿಯೇ ತಲುಪಬೇಕು. ಆದುದರಿಂದ ನನ್ನ ಮತ ಎಫ್‌ಎಲ್‌ಡಿಜಿಗೆ. ಎರಡೂ ತುದಿಯ ಗಣಕಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸೋಣ. ಮಿತವಾಗಿ ಬರೆಯುವುದು ಕನ್ನಡ ವಿದ್ಯಾರ್ಥಿಗಳಿಗೆ ಹೊಸದೇನಲ್ಲ.