ಮಿತಿಯಿಲ್ಲದ ಆಟಕ್ಕೂ ಕಟ್ಟಳೆ ಉಂಟು



ಈ ಸಲ ಒಬ್ಬ ತಾಯಿಯ ಪತ್ರ ಬಂದಿದೆ. ಕಾಲೇಜಿಗೆ ಹೋಗುವ ಮಗ ರಾತ್ರಿಯೆಲ್ಲ ಅಮೆರಿಕದ ಪೋಕರ್ ಪಂದ್ಯ ನೋಡುತ್ತಾನಂತೆ. "ನೋ ಲಿಮಿಟ್ ಅಂತಾರಲ್ಲ ಅಕ್ಕ, ಮಿತಿಯೇ ಇಲ್ಲ ಅಂದ್ರೆ ಮನೆಮಠಾನೂ ಪಣಕ್ಕಿಡಬಹುದೇ?" ಎಂದು ಕೇಳಿದ್ದಾರೆ. ಮಗನನ್ನು ಗದರಿಸುವ ಮುಂಚೆ ಆಟ ಏನೆಂದು ತಿಳಿಯೋಣ ಬನ್ನಿ.

ಲಾಸ್ ವೇಗಸ್‌ನಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಇವುಗಳಲ್ಲಿ ಹೆಸರುವಾಸಿ. ಅದರ ಮುಖ್ಯ ಪಂದ್ಯಕ್ಕೆ ಪ್ರವೇಶ ಶುಲ್ಕ 10,000 ಡಾಲರ್. ಕಟ್ಟಿದವರಿಗೆಲ್ಲ ಒಂದೇ ಸಮ ಬಿಲ್ಲೆ ಕೊಡುತ್ತಾರೆ. ಮುಗಿದರೆ ಎದ್ದು ಹೋಗಬೇಕು. ಮಿತಿಯಿಲ್ಲ ಎಂದರೆ ಎದುರಿಗಿರುವ ಬಿಲ್ಲೆಯನ್ನೆಲ್ಲ ಒಂದೇ ಸಲ ಒಡ್ಡಬಹುದು, ಅಷ್ಟೇ. ಧರ್ಮರಾಯನ ಹಾಗೆ ರಾಜ್ಯ, ತಮ್ಮಂದಿರು, ಹೆಂಡತಿ ಅಂತ ಹೊರಗಿನದನ್ನು ತಂದು ಒಡ್ಡುವಂತಿಲ್ಲ.

ಇನ್ನು ಏರಿಸುವ ಲೆಕ್ಕ. ಒಬ್ಬರು 1,000 ಒಡ್ಡಿದರೆನ್ನಿ. ಮುಂದಿನವರು ಎಲೆ ಕೆಳಗಿಡಬಹುದು, ಅಷ್ಟೇ ಹಾಕಿ ಸರಿಗಟ್ಟಬಹುದು, ಇಲ್ಲವೆ ಏರಿಸಬಹುದು. ಏರಿಸುವುದಾದರೆ ಕಡೇಪಕ್ಷ ಇನ್ನೊಂದು ಸಾವಿರ ಸೇರಿಸಿ 2,000 ಮಾಡಬೇಕು. ಅವರು 3,000ಕ್ಕೆ ಏರಿಸಿದರೆ ಹೆಚ್ಚಿದ್ದು 2,000. ಹಾಗಾಗಿ ಅದರ ಮೇಲೆ ಏರಿಸುವವರು 5,000ಕ್ಕಾದರೂ ಹೋಗಬೇಕು. ಚಿಲ್ಲರೆ ಚಿಲ್ಲರೆಯಾಗಿ ಆಟ ಎಳೆಯುವಂತಿಲ್ಲ.

ಇನ್ನೊಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಮೂವರು ಉಳಿದಿದ್ದಾರೆ. ಒಬ್ಬರು 1,000 ಒಡ್ಡಿದರು, ಎರಡನೆಯವರು ಸರಿಗಟ್ಟಿದರು. ಮೂರನೆಯವರ ಬಳಿ ಇರುವುದೇ 1,500, ಎಲ್ಲ ಇಟ್ಟುಬಿಟ್ಟರು. ಇದಕ್ಕೆ ಆಲ್ ಇನ್ ಅನ್ನುತ್ತಾರೆ. ಹೆಚ್ಚಿದ್ದು 500 ಮಾತ್ರ, ಪೂರ್ತಿ ಏರಿಕೆಯಲ್ಲ. ಆದ್ದರಿಂದ ಮೊದಲಿನ ಇಬ್ಬರೂ 500 ಸೇರಿಸಬಹುದು ಇಲ್ಲವೆ ಎಲೆ ಬಿಡಬಹುದು, ಮತ್ತೆ ಏರಿಸುವಂತಿಲ್ಲ. ಇಲ್ಲದವರ ನೆವ ಮಾಡಿಕೊಂಡು ಇದ್ದವರು ಪಣ ಬೆಳೆಸಕೂಡದು ನೋಡಿ! ಹಾಗೆಯೇ ಎಲ್ಲ ಇಟ್ಟವರು ಗೆದ್ದರೂ ಒಬ್ಬೊಬ್ಬರಿಂದ ತಾವು ಇಟ್ಟಷ್ಟೇ ಸಿಗುವುದು.

ಬಾಯಲ್ಲಿ ಏರಿಸಿದೆ ಎಂದರೆ ಮುಗಿಯಿತು, ಹಿಂದೆಗೆಯುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಇನ್ನಷ್ಟು ಇಡುವುದೂ ಸಲ್ಲದು.

ಹೆಂಗಸರು ಆಡುವುದಿಲ್ಲವೇ ಎಂದಿರಾ? 1995ರಲ್ಲಿ ಬಾರ್ಬರಾ ಎನ್‌ರೈಟ್ ಮುಖ್ಯ ಪಂದ್ಯದ ಕೊನೆಯ ಮೇಜಿಗೆ ಬಂದ ಮೊದಲ ಮಹಿಳೆ, ಐದನೆಯವರಾದರು. ಇನ್ನೊಬ್ಬ ಮಹಿಳೆ, ಸ್ಪೇನಿನ ಲಿಯೋ ಮಾರ್ಗೆಟ್ಸ್, ಆ ಮೇಜಿಗೆ ಬರಲು 30 ವರ್ಷ ಹಿಡಿಯಿತು, 2025ರಲ್ಲಿ.

ಈಗ ಆ ತಾಯಿಯ ಭಯಕ್ಕೆ ಬರೋಣ. ಮುಖ್ಯ ಪಂದ್ಯದಲ್ಲಿ ಸೋತವರು ಮತ್ತೆ ದುಡ್ಡು ಕಟ್ಟಿ ಸೇರುವಂತಿಲ್ಲ. ಆದರೆ ಎಷ್ಟೋ ಬೇರೆ ಪಂದ್ಯಗಳಲ್ಲಿ ಸೋತ ಮೇಲೂ ಮತ್ತೆ ಕಟ್ಟಬಹುದು. ಮನೆ ಮುಳುಗುವುದು ಅಲ್ಲಿ. ಮೇಜಿನ ಮೇಲಿನ ಬಿಲ್ಲೆಗೆ ಮಿತಿಯುಂಟು, ಮತ್ತೆ ಮತ್ತೆ ಜೇಬಿಗೆ ಹೋಗುವ ಕೈಗೆ ಮಿತಿಯಿಲ್ಲ. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು.

ಸೋದರಿ, ಮಗನ ಪಕ್ಕದಲ್ಲಿ ಕೂತು, "ಬರೀ ನೋಡ್ತೀಯೋ, ಆಡ್ತೀಯೋ?" ಅಂತ ನಿಧಾನವಾಗಿ ಕೇಳಿ. ನೋಡುವುದಾದರೆ ಮೇಲಿನ ಲೆಕ್ಕವನ್ನು ಅವನಿಂದಲೇ ಹೇಳಿಸಿ, ಖುಷಿಯಿಂದ ಹೇಳುತ್ತಾನೆ. ಆಡುವುದಾದರೆ ಎಷ್ಟು ಸಲ ಕಟ್ಟಿದ್ದಾನೆಂದು ಬ್ಯಾಂಕಿನ ಲೆಕ್ಕ ತೆಗೆಸಿ ನೋಡಿ. ಯಜಮಾನರಿಂದ ಮುಚ್ಚಿಡಬೇಡಿ. ಯಾರಿಗೂ ತಿಳಿಯದ ಹಾಗೆ ಒಡವೆ ಅಡವಿಟ್ಟು ಸಾಲ ತೀರಿಸುವುದಂತೂ ಬೇಡವೇ ಬೇಡ. ಅದು ಅವನ ಕೈಗೆ ಹೊಸ ಬಿಲ್ಲೆ ಕೊಟ್ಟಂತೆ.