ದಪ್ಪ ಟೋಪಿ ಬೇಡ ಕಣ್ರೋ

ನೆದರ್ಲೆಂಡ್ಸ್ ಸೈಕಲ್ ಸರಣಿ, ಭಾಗ 4. ಕ್ಯಾಪ್ಶನ್ ಉದ್ದ ಇದೆ. ಫೋಟೋಗಳನ್ನ ಒಂದೊಂದಾಗಿ ಸರಿಸ್ತಾ ಓದಿ.

ಮೊದಲನೇ ಫೋಟೋದಲ್ಲಿ ನಾಲ್ಕು ಟೋಪಿ ಇವೆ. ಎಡಗಡೆ ಇರೋದು ನಮ್ಮೂರಿನ ಮಂಕಿ ಕ್ಯಾಪ್. ಪಕ್ಕದಲ್ಲಿ ನೆತ್ತಿ ಮೇಲೆ ಉಂಡೆ ಇರೋ ದಪ್ಪ ಉಲ್ಲನ್ ಟೋಪಿ. ಮೂರನೆಯದು ಮಳೆಗೆ ಅಂತಲೇ ಮಾರೋ ವಾಟರ್‌ಪ್ರೂಫ್ ಟೋಪಿ. ಕೊನೇದು, ಕರ್ಚೀಫಿನ ಥರ ಮಡಚಿಟ್ಟಿರೋದು, ಮೆರಿನೋ ಉಣ್ಣೆಯ ತೆಳು ಟೋಪಿ. ಯಾವುದು ತಗೋತೀರಿ ಅಂತ ಸ್ಟೋರಿಯಲ್ಲಿ ಕೇಳಿದ್ದಕ್ಕೆ ನಿಮ್ಮಲ್ಲಿ ಹೆಚ್ಚಿನವರು ಎರಡನೆಯದನ್ನ ಒತ್ತಿದ್ರಿ. ರೂಮಲ್ಲಿ ಹೀಟರ್ ಕೆಟ್ಟು ಕೂತಿದ್ರೆ ನಾನೂ ಅದನ್ನೇ ಹಾಕ್ಕೊತೀನಿ. ಆದರೆ ಸೈಕಲ್ ಹತ್ತೋ ಮಾತಾದ್ರೆ ನನ್ನ ವೋಟು ಕೊನೇದಕ್ಕೆ. ಅದು ಯಾಕೆ ಅನ್ನೋದೇ ಈ ಪೋಸ್ಟು.

ಈ ಸಲ ಇಲ್ಲಿಗೆ ಓದೋಕೆ ಬರ್ತಿರೋರು ಮೊದಲು ಒಂದು ವಿಷಯ ತಿಳ್ಕೊಳ್ಳಿ. ಇಲ್ಲಿನ ಚಳಿ ನೀವು ಸಿನಿಮಾದಲ್ಲಿ ನೋಡಿರೋ ಹಿಮದ ಚಳಿ ಅಲ್ಲ. ಜನವರಿಯಲ್ಲಿ ಸರಾಸರಿ ಮೂರು-ನಾಲ್ಕು ಡಿಗ್ರಿ ಇರುತ್ತೆ, ಹಿಮ ಬೀಳೋದು ಅಪರೂಪ. ಬೀಳೋದೆಲ್ಲ ಮಳೆ. ಅದೂ ನಮ್ಮ ಮುಂಗಾರಿನ ಹಾಗೆ ದಬದಬ ಸುರಿದು ಮುಗಿಯಲ್ಲ, ಅಡ್ಡಡ್ಡ ಗಾಳಿ ಜೊತೆ ಮುಖಕ್ಕೆ ಎರಚ್ತಾನೇ ಇರುತ್ತೆ. ಎಲ್ಲರ ಫೋನಲ್ಲೂ ಬೌಯೆನ್‌ರಾಡಾರ್ ಅಂತ ಮಳೆ ತೋರಿಸೋ ಆ್ಯಪ್ ಇದೆ. ಮಳೆ ಅಂತ ಗೊಣಗಿದ್ರೆ ಇಲ್ಲಿನವರು ಹೇಳೋ ಮಾತು ಒಂದೇ: ನೀನೇನು ಸಕ್ಕರೆಯಲ್ಲ, ಕರಗಲ್ಲ. ಹೇಳಿ ಸೈಕಲ್ ಹತ್ತಿ ಹೋಗೇ ಬಿಡ್ತಾರೆ.

ಈ ಚಳಿ ಸೈಕಲ್ ಮೇಲೆ ಇನ್ನೊಂದು ಸುತ್ತು ಏರುತ್ತೆ. ಕೆನಡಾ, ಅಮೆರಿಕದ ಹವಾಮಾನ ಇಲಾಖೆಗಳು 2001ರಿಂದ ಬಳಸೋ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿ. 5 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಇದ್ರೆ ಚರ್ಮಕ್ಕೆ 1 ಡಿಗ್ರಿ ಅನ್ನಿಸುತ್ತೆ. 40 ಕಿ.ಮೀ. ಆದ್ರೆ ಸೊನ್ನೆಗಿಂತ ಕೆಳಗೆ. ನೀವು 20ರಲ್ಲಿ ತುಳೀತಾ ಇರುವಾಗ ಎದುರುಗಾಳಿಯೂ 20 ಇದ್ರೆ ಆಯ್ತಲ್ಲ, 40. ಮೊದಲು ಹೊಡೆತ ತಿನ್ನೋದು ಕಿವಿ. ಅಲ್ಲಿ ಕೊಬ್ಬಿಲ್ಲ, ಮಾಂಸ ಇಲ್ಲ, ಬರೀ ಮೃದ್ವಸ್ಥಿ ಮೇಲೆ ತೆಳು ಚರ್ಮ. ಆಮೇಲೆ ಹಣೆ.

ಅಮ್ಮಂದಿರು ಹೇಳೋ "ತಲೆಯಿಂದಲೇ ಮೈಯ ಅರ್ಧ ಬಿಸಿ ಹೋಗುತ್ತೆ" ಅನ್ನೋದು ಮಾತ್ರ ನಿಜ ಅಲ್ಲ. ಮೈಗೆಲ್ಲ ಬೆಚ್ಚನೆ ಸೂಟು ಹಾಕಿಸಿ ತಲೆ ಒಂದನ್ನೇ ಬರಿದಾಗಿ ಬಿಟ್ಟು ಮಾಡಿದ ಅಮೆರಿಕನ್ ಸೇನೆಯ ಹಳೇ ಪ್ರಯೋಗದಿಂದ ಹುಟ್ಟಿದ ಮಾತಂತೆ ಅದು. ಬರೀ ತಲೆ ತೆರೆದಿದ್ರೆ ಬಿಸಿ ತಲೆಯಿಂದ ಹೋಗದೆ ಇನ್ನೆಲ್ಲಿಂದ ಹೋಗುತ್ತೆ? ಬ್ರಿಟಿಷ್ ಮೆಡಿಕಲ್ ಜರ್ನಲ್ 2008ರಲ್ಲೇ ಇದನ್ನ ಸುಳ್ಳು ನಂಬಿಕೆಗಳ ಪಟ್ಟಿಗೆ ಸೇರಿಸಿದೆ. ತಲೆ ಮೈಯ ಮೇಲ್ಮೈಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು, ಹೋಗೋ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ನಿಮ್ಮ ತಲೆಗೆ ಕಂಬಳಿ ಸುತ್ತೋ ಅಗತ್ಯ ಇಲ್ಲ. ಕಿವಿ, ಹಣೆ ಮುಚ್ಚಬೇಕು, ಗಾಳಿಯ ಹೊಡೆತ ತಪ್ಪಿಸಬೇಕು. ಅಷ್ಟಾದ್ರೆ ಸಾಕು.

ದಪ್ಪ ಟೋಪಿ ಬೇಡ ಅನ್ನೋಕೆ ನನ್ನ ದೊಡ್ಡ ಕಾರಣ ಹೆಲ್ಮೆಟ್. ಮೂರನೇ ಫೋಟೋ ನೋಡಿ. ಉಂಡೆ ಟೋಪಿ ಮೇಲೆ ಹೆಲ್ಮೆಟ್ ಇಟ್ರೆ ಅದು ತಲೆ ಮೇಲೆ ಕೂರಲ್ಲ, ಟೋಪಿ ಮೇಲೆ ಕೂರುತ್ತೆ. ನೆತ್ತಿಯಲ್ಲಿ ಮಡಕೆ ಹೊತ್ತ ಹಾಗೆ. ಕೈಯಲ್ಲಿ ಸ್ವಲ್ಪ ತಳ್ಳಿದ್ರೆ ಹಿಂದಕ್ಕೆ ಜಾರಿ ಹಣೆಯೆಲ್ಲ ಬಯಲು. ಬಿದ್ದಾಗ ಆಗೋದೂ ಅದೇ. ಬಿಗಿ ಮಾಡೋಕೆ ಅಂತ ಗಲ್ಲದ ಪಟ್ಟಿ ಎಳೆದ್ರೆ ಕತ್ತು ಹಿಸುಕುತ್ತೆ, ಹೆಲ್ಮೆಟ್ ಅಲ್ಲೇ ಅಲ್ಲಾಡ್ತಾ ಇರುತ್ತೆ.

ಈಗ ನೀವು ಕೇಳೋದು ಗೊತ್ತು: ಅಲ್ಲಿ ಯಾರೂ ಹೆಲ್ಮೆಟ್ ಹಾಕಲ್ವಲ್ಲ? ಹೌದು, ಸಾಮಾನ್ಯ ಸೈಕಲ್‌ಗೆ ಇಲ್ಲಿ ಹೆಲ್ಮೆಟ್ ಕಡ್ಡಾಯ ಇಲ್ಲ, ಹಾಕೋರೂ ಕಮ್ಮಿ. ಆದರೆ ಇಲ್ಲಿನ ಹುಡುಗರು ನಾಲ್ಕು ವರ್ಷಕ್ಕೇ ಸೈಕಲ್ ಕಲಿತು, ಒಂದು ಕೈಯಲ್ಲಿ ಛತ್ರಿ ಹಿಡ್ಕೊಂಡು ಹೋಗೋವಷ್ಟು ಪಳಗಿರ್ತಾರೆ. ನಾವು? ಹೈಸ್ಕೂಲ್ ಮುಗಿದ ಮೇಲೆ ಸೈಕಲ್ ಬಿಟ್ಟು ಸ್ಕೂಟಿ ಹತ್ತಿದೋರು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಒದ್ದೆ ಎಲೆ, ಒದ್ದೆ ಟ್ರಾಮ್ ಕಂಬಿ, ಸೇತುವೆ ಮೇಲೆ ಕಣ್ಣಿಗೆ ಕಾಣದ ಐಸ್, ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ತಲೆ, ಎಲ್ಲ ಒಟ್ಟಿಗೆ ಎದುರಾಗುತ್ತೆ. ಅವರನ್ನ ನೋಡಿ ಬರಿದಲೆಯಲ್ಲಿ ಹೋಗಬೇಡಿ. ಈ ವಿಷಯದಲ್ಲಿ ನನ್ನ ಜೊತೆ ವಾದ ಮಾಡೋರು ಮಾಡಿ, ನಾನು ಬದಲಾಗಲ್ಲ.

ಎರಡನೇ ಕಾರಣ ಬೆವರು. ಮೊದಲ ಐದು ನಿಮಿಷ ಚಳಿ, ಹತ್ತನೇ ನಿಮಿಷಕ್ಕೆ ಮೈ ಕಾಯುತ್ತೆ, ದಪ್ಪ ಟೋಪಿಯೊಳಗೆ ತಲೆ ಬೇಯುತ್ತೆ. ಮಳೆಯಲ್ಲಿ ಹೊರಗಿಂದ ನೆನೆಯೋದು ಒಂದು, ಬೆವರಲ್ಲಿ ಒಳಗಿಂದ ನೆನೆಯೋದು ಇನ್ನೊಂದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಬಿಸಿ ಸಾಗಿಸುತ್ತೆ. ಹಾಗಾಗಿ ಒದ್ದೆ ಟೋಪಿ ಹಾಕ್ಕೊಂಡು ಸಿಗ್ನಲ್‌ನಲ್ಲಿ ನಿಂತ ಎರಡು ನಿಮಿಷ ಇದೆಯಲ್ಲ, ಅಲ್ಲೇ ಗೊತ್ತಾಗೋದು ಟೋಪಿ ಯಾವುದರಿಂದ ಮಾಡಿದ್ದು ಅಂತ.

ಇಲ್ಲಿ ನಮ್ಮ ಮಾತೇ ನಮಗೆ ಮೋಸ ಮಾಡುತ್ತೆ. ನಾವು "ಉಲ್ಲನ್ ಟೋಪಿ" ಅನ್ನೋದರಲ್ಲಿ ಎಷ್ಟೋ ಸಲ ಉಣ್ಣೆಯ ಒಂದು ಎಳೆಯೂ ಇರಲ್ಲ. ಫುಟ್‌ಪಾತಿನ ಅಂಗಡಿಯಲ್ಲಿ ಸಿಗೋ ಮೆತ್ತನೆ ಬಣ್ಣದ ಟೋಪಿಗಳಲ್ಲಿ ಬಹಳಷ್ಟು ಅಕ್ರಿಲಿಕ್. ಒಣ ಚಳಿಗೆ ಅಡ್ಡಿಯಿಲ್ಲ. ಆದರೆ ಹೆಣಿಗೆಯ ತೂತುಗಳಲ್ಲಿ ಗಾಳಿ ನುಗ್ಗುತ್ತೆ, ನೀರು ಹಿಡ್ಕೊಂಡ್ರೆ ಜೋತು ಬೀಳುತ್ತೆ. ಹತ್ತಿ ಅದಕ್ಕಿಂತ ಕೆಟ್ಟದು. ನೀರೆಲ್ಲ ಹೀರಿ ಒಣಗೋಕೆ ಅರ್ಧ ದಿನ ತಗೊಳ್ಳುತ್ತೆ. ನಿಜವಾದ ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ತೇವ ಹೀರಿದ್ರೂ ಮುಟ್ಟಿದಾಗ ಒದ್ದೆ ಅನ್ನಿಸಲ್ಲ, ನೆನೆದ ಮೇಲೂ ಒಂದಿಷ್ಟು ಬಿಸಿ ಉಳಿಸ್ಕೊಳ್ಳುತ್ತೆ.

ಇದನ್ನ ನಮಗೆ ಯುರೋಪಿನ ಕಂಪನಿ ಹೇಳಿಕೊಡಬೇಕಾಗಿಲ್ಲ. ಮಲೆನಾಡಿನವರು ಮಳೆಯಲ್ಲಿ ಗದ್ದೆ ಕೆಲಸಕ್ಕೆ ಹೋಗುವಾಗ ತಲೆ ಮೇಲಿಂದ ಹಾಕ್ಕೊತಿದ್ದ ಕಂಬಳಿ ಕೊಪ್ಪೆ ನೆನಪಿದೆಯಾ? ಕುರಿ ಉಣ್ಣೆಯ ಕಂಬಳಿಯನ್ನ ಕೊಪ್ಪೆ ಮಡಚಿ ಹೊದ್ಕೊಂಡು ಇಡೀ ದಿನ ಮಳೆಯಲ್ಲೇ ಇರ್ತಿದ್ರು. ಮೇಲೆ ನೆನೀತಿತ್ತು, ಒಳಗೆ ಮೈ ಬೆಚ್ಚಗಿರ್ತಿತ್ತು. ಇದೇ ಗುಣವನ್ನ ಈಗ ನಯವಾದ ಎಳೆಯಲ್ಲಿ, ಹೆಲ್ಮೆಟ್ ಕೆಳಗೆ ಹಿಡಿಯೋ ಹಾಗೆ ಹೆಣೆದು ಮೆರಿನೋ ಅಂತ ಮಾರ್ತಾರೆ. (ಆ ಕಂಬಳಿಯನ್ನೇ ಹೆಲ್ಮೆಟ್ ಕೆಳಗೆ ಹಾಕ್ಕೊಂಡ್ರೆ ಚುಚ್ಚಿ ಚುಚ್ಚಿ ಹುಚ್ಚು ಹಿಡಿಯುತ್ತೆ, ಅದು ಬೇರೆ ಮಾತು.)

ಅಂಗಡಿಗೆ ಹೋದಾಗ ಒಳಗಿನ ಚೀಟಿ ತಿರುಗಿಸಿ ಓದಿ. ಇಲ್ಲಿನ ಭಾಷೆಯಲ್ಲಿ "ವೊಲ್" ಅಂದ್ರೆ ಉಣ್ಣೆ, "ಕಾಟೂನ್" ಅಂದ್ರೆ ಹತ್ತಿ. ಮೆರಿನೋ ದುಬಾರಿ ಅನ್ನಿಸಿದ್ರೆ ಸೈಕಲ್‌ಗೆ ಅಂತಲೇ ಮಾಡಿರೋ ತೆಳು ಪಾಲಿಯೆಸ್ಟರ್ ಟೋಪಿ ಅದಕ್ಕಿಂತ ತುಂಬಾ ಅಗ್ಗಕ್ಕೆ ಸಿಗುತ್ತೆ. ಬೇಗ ಒಣಗುತ್ತೆ, ಚೆನ್ನಾಗೇ ಇರುತ್ತೆ. ವಿದ್ಯಾರ್ಥಿ ಬಜೆಟ್ಟಿಗೆ ನಾನು ಅದನ್ನ ಬೇಡ ಅನ್ನಲ್ಲ. ಒಂದೇ ದೋಷ, ನಾಲ್ಕು ದಿನ ಹಾಕಿದ್ರೆ ನಾರುತ್ತೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚೋರು ಎರಡೇ ದಿನಕ್ಕೆ ಒಗೆಯಬೇಕಾಗುತ್ತೆ. ಮೆರಿನೋ ತಗೊಂಡ್ರೆ ತಣ್ಣೀರಲ್ಲಿ ಕೈಯಲ್ಲೇ ಒಗೀರಿ. ಹಾಸ್ಟೆಲ್ಲಿನ ಡ್ರೈಯರ್‌ಗೆ ಹಾಕಿದ್ರೆ ಗೊಂಬೆಗೆ ತೊಡಿಸೋ ಸೈಜಿಗೆ ಬರುತ್ತೆ.

ಮತ್ತೆ ಮೂರನೇ ಟೋಪಿ, ಆ ವಾಟರ್‌ಪ್ರೂಫು? ಕಾಲೇಜಿಗೆ ಹದಿನೈದು ನಿಮಿಷದ ದಾರಿಗೆ ಅದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ನೀರು ಒಳಗೆ ಬಿಡದ ಬಟ್ಟೆ ಬೆವರನ್ನೂ ಸಲೀಸಾಗಿ ಹೊರಗೆ ಬಿಡಲ್ಲ. ಕಿವಿ ಮೇಲೆ ಬಂದ್ರೆ ಸರಪರ ಸದ್ದು ಬೇರೆ. ನೀರು ತಡೆಯೋ ಕೆಲಸ ಹೆಲ್ಮೆಟ್ ಮೇಲೆ ಆಗಲಿ, ಬಿಸಿ ಹಿಡಿಯೋ ಕೆಲಸ ಹೆಲ್ಮೆಟ್ ಕೆಳಗೆ ಆಗಲಿ. ಹೆಲ್ಮೆಟ್‌ಗೆ ಹಾಕೋ ಮಳೆ ಕವರ್ ಸಿಗುತ್ತೆ. ಅದೂ ಬೇಡ ಅಂದ್ರೆ ಹೋಟೆಲ್ ಬಾತ್‌ರೂಮಲ್ಲಿ ಪುಕ್ಕಟೆ ಕೊಡೋ ಶವರ್ ಕ್ಯಾಪ್ ಹೆಲ್ಮೆಟ್ ಮೇಲೆ ಎಳೆದುಬಿಡಿ. ಐದನೇ ಫೋಟೋ ನೋಡಿ ನಗೋರು ನಗಿ, ತಲೆ ಒಣಗಿರುತ್ತೆ.

ಜಾಕೆಟ್ಟಿನ ಹುಡ್ ಮಾತ್ರ ಹಾಕ್ಕೊಬೇಡಿ. ನೀವು ತಲೆ ತಿರುಗಿಸಿದ್ರೂ ಹುಡ್ ತಿರುಗಲ್ಲ. ಹಿಂದೆ ಏನು ಬರ್ತಿದೆ ಅಂತ ಹೊರಳಿದ್ರೆ ಹುಡ್‌ನ ಒಳಗೋಡೆ ಕಾಣುತ್ತೆ. ಮಂಕಿ ಕ್ಯಾಪ್‌ನದೂ ಇದೇ ಕಥೆ. ಕಿವಿ, ಕತ್ತು ಮುಚ್ಚೋದರಲ್ಲಿ ಅದನ್ನ ಮೀರಿಸೋದು ಇಲ್ಲ, ಅಜ್ಜಿಯಂದಿರ ಲೆಕ್ಕ ಸರಿಯಾಗೇ ಇದೆ. ಆದರೆ ತಿರುಗಿದಾಗ ಮುಖದ ಕಿಂಡಿ ಅಲ್ಲೇ ಉಳಿದು ಒಂದು ಕಣ್ಣು ಮುಚ್ಚಿಹೋಗುತ್ತೆ. ಎಡಕ್ಕೆ ತಿರುಗೋ ಮುಂಚೆ ಹಿಂದೆ ನೋಡದೇ ಇದ್ರೆ ಇಲ್ಲಿ ಕಷ್ಟ. ಸದ್ದೇ ಇಲ್ಲದೆ ಬರೋ ಇ-ಬೈಕ್, ಫ್ಯಾಟ್‌ಬೈಕ್‌ಗಳ ಕಾಲ ಇದು. ಕಿವಿ ಮುಚ್ಚೋ ಬಟ್ಟೆ ತೆಳ್ಳಗಿರಬೇಕು ಅನ್ನೋದೂ ಇದಕ್ಕೇ. ಹಿಂದಿನವರ ಟ್ರಿಣ್ ಕೇಳಿಸಬೇಕು.

ಕನ್ನಡಕದವರು ಮುಂದೆ ಸಣ್ಣ ಮೂತಿ ಇರೋ ಸೈಕಲ್ ಟೋಪಿ ಹುಡುಕಿ. ಕಿವಿ ಮೇಲೆ ಇಳಿಯೋ ಪಟ್ಟಿ ಇರೋದು ಸಿಗುತ್ತೆ, ಬೆಲ್ಜಿಯಂ ಕಡೆಯ ರೇಸಿನವರು ಚಳಿಗೆ ಹಾಕ್ತಾರಲ್ಲ, ಅಂಥದ್ದು. ತಲೆ ಸ್ವಲ್ಪ ಬಗ್ಗಿಸಿದ್ರೆ ಮಳೆ ಹನಿ ಗಾಜಿಗೆ ತಾಗಲ್ಲ. ಉದ್ದ ಜಡೆ ಇರೋರಿಗೆ ತುರುಬು ಮೇಲೆ ಕಟ್ಟಿದ್ರೆ ಯಾವ ಟೋಪಿಯೂ ಕೂರಲ್ಲ, ಹೆಲ್ಮೆಟ್ಟೂ ಕೂರಲ್ಲ. ಕತ್ತಿನ ಹತ್ತಿರ ಕೆಳಗೆ ಜಡೆ ಹಾಕಿ. ಇಲ್ಲಾಂದ್ರೆ ಕಿವಿ, ಹಣೆ ಮಾತ್ರ ಮುಚ್ಚೋ ಅಗಲ ಹೆಡ್‌ಬ್ಯಾಂಡ್ ತಗೊಳ್ಳಿ. ಮೇಲೆ ಮಳೆ ಕವರ್ ಇದ್ರೆ ಅದೂ ಸಾಕು.

ಕೊಳ್ಳೋಕೆ ಹೋಗುವಾಗ ನಿಮ್ಮ ಹೆಲ್ಮೆಟ್ ಕೈಯಲ್ಲೇ ಇರಲಿ. ಟೋಪಿ ಹಾಕಿ, ಹೆಲ್ಮೆಟ್ ಹಿಂದಿನ ತಿರುಗಣೆ ಸ್ವಲ್ಪ ಸಡಿಲಿಸಿ, ಮೇಲೆ ಇಟ್ಕೊಳ್ಳಿ. ಹುಬ್ಬಿನ ಮೇಲೆ ಎರಡು ಬೆರಳಷ್ಟು ಜಾಗ, ಅಷ್ಟರಲ್ಲೇ ನೆಟ್ಟಗೆ ಕೂರಬೇಕು. ತಿರುಗಣೆ ಬಿಗಿ ಮಾಡಿ, ಗಲ್ಲದ ಪಟ್ಟಿ ಹಾಕದೇ ತಲೆ ಜೋರಾಗಿ ಅಲ್ಲಾಡಿಸಿ. ಜಾರಿದ್ರೆ ಆ ಟೋಪಿ ವಾಪಸ್ ಇಟ್ಟುಬಿಡಿ, ಎಷ್ಟೇ ಚೆನ್ನಾಗಿ ಕಂಡ್ರೂ. ಆಮೇಲೆ ಎರಡೂ ಭುಜದ ಮೇಲಿಂದ ಹಿಂದೆ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದ್ರೆ ನೋಡ್ಲಿ.

ಊರಿಂದ ಬರುವಾಗ ಅಮ್ಮ ಸೂಟ್‌ಕೇಸಿಗೆ ತುರುಕೋ ಟೋಪಿಯನ್ನ ತೆಗೆದಿಡಬೇಡಿ, ರೂಮಲ್ಲಿ ಬೇಕಾಗುತ್ತೆ. ಸೈಕಲ್ ಟೋಪಿ ಮಾತ್ರ ಹೆಲ್ಮೆಟ್ ಕೊಂಡ ಮೇಲೇ ಕೊಳ್ಳಿ, ಅಕ್ಟೋಬರ್ ಮುಗಿಯೋದರೊಳಗೆ. ಮುಂದಿನ ಭಾಗ ಕೈಗವಸು. ನಿಮ್ಮ ಬೆರಳು ಯಾವ ಸೈಜು ಅಂತ ಈಗಲೇ ಅಳೆದಿಟ್ಕೊಳ್ಳಿ.

#ಸೈಕಲ್‌ಸರಣಿ #ಚಳಿಟೋಪಿ #ಕಂಬಳಿಕೊಪ್ಪೆ