ನಾನು ಅರ್ಧ ಹೇಳಿದ ಸೀಸದ ಪಾಠ



ಕಳೆದ ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದ. ಈಗ ಆತ ರಸಾಯನ ಪ್ರಯೋಗಾಲಯವೊಂದರಲ್ಲಿ ಉದ್ಯೋಗಿ. ಕಾಫಿ ಕುಡಿಯುತ್ತ, "ಸಾರ್, ನೀವು ಪಾಠ ಮಾಡಿದ ಟೆಟ್ರಾಈಥೈಲ್ ಲೆಡ್ ಹೇಗಿದೆ ನೋಡಿ" ಎಂದು ಒಂದು ನಕ್ಷೆಯನ್ನು ಮುಂದಿಟ್ಟ. ಅದರಲ್ಲಿ ಮೂರು ಕಡೆ ಗೆರೆಗಳು ಎತ್ತರಕ್ಕೆ ಎದ್ದು ನಿಂತಿದ್ದವು. ಅದನ್ನು ನೋಡಿದಂದಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಕಾರಣ ಹೇಳುತ್ತೇನೆ.

ಅದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ದ್ರವ್ಯರಾಶಿ ರೋಹಿತಮಾಪಕ ಎಂಬ ಉಪಕರಣ ಬರೆದ ನಕ್ಷೆ. ವಸ್ತುವಿನ ಆವಿಯ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಅಣುಗಳು ವಿದ್ಯುದಾವೇಶ ಪಡೆದು ಅಯಾನುಗಳಾಗುತ್ತವೆ. ಹಲವು ಒಡೆದೂ ಹೋಗುತ್ತವೆ. ಅವನ್ನು ಕಾಂತಕ್ಷೇತ್ರದೊಳಗೆ ಕಳುಹಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ದೂರಕ್ಕೆ ಹಾರಿ ಕಾಳು ಹತ್ತಿರದಲ್ಲೇ ಬೀಳುವುದಿಲ್ಲವೇ, ಹಾಗೆ.

ಟೆಟ್ರಾಈಥೈಲ್ ಲೆಡ್ ಒಂದು ಸಾವಯವ ಲೋಹ ಸಂಯುಕ್ತ. ನಡುವೆ ಒಂದು ಸೀಸದ ಪರಮಾಣು, ಸುತ್ತ ನಾಲ್ಕು ಈಥೈಲ್ ಗುಂಪುಗಳು. ಇಡೀ ಅಣುವಿನ ರಾಶಿ 324. ಆದರೆ ಆ ಅಯಾನು ಒಡೆಯದೆ ಉಳಿಯುವುದು ಅಪರೂಪ. ಒಂದು ಗುಂಪು ಕಳಚಿದರೆ 295, ಮೂರು ಕಳಚಿದರೆ 237, ನಾಲ್ಕೂ ಕಳಚಿದರೆ 208. ಕೊನೆಯದು ಬರಿಯ ಸೀಸ. ಪ್ರತಿ ಗೆರೆಯ ಪಕ್ಕದಲ್ಲೂ ಚಿಕ್ಕ ಗೆರೆಗಳಿವೆ. ಏಕೆಂದರೆ ಸೀಸಕ್ಕೆ 204, 206, 207, 208 ಎಂಬ ನಾಲ್ಕು ಸಮಸ್ಥಾನಿಗಳುಂಟು. ಇದು ಸೀಸದ ಹೆಬ್ಬೆಟ್ಟಿನ ಗುರುತು.

ಎಂಜಿನ್ನಿನೊಳಗೂ ಕೊನೆಗೆ ಆಗುತ್ತಿದ್ದುದು ಇಷ್ಟೇ. ಇಂಗಾಲದ ಭಾಗ ಉರಿದುಹೋಗುತ್ತಿತ್ತು. ಸೀಸ ಉಳಿದು, ಹೊಗೆಯೊಡನೆ ಬೀದಿಯ ಧೂಳಿಗೆ ಸೇರುತ್ತಿತ್ತು. ನಾನಾದರೋ ರಾಜಾಜಿನಗರದ ತರಗತಿಯಲ್ಲಿ, ಅದು ಎಂಜಿನ್ನಿನ ಬಡಿತ ತಡೆಯುವ ವಸ್ತು, 1921ರಲ್ಲಿ ಥಾಮಸ್ ಮಿಜ್ಲಿ ಅದರ ಗುಣ ಕಂಡುಕೊಂಡ ಎಂದು ಬರೆಸಿ, ಸರಿಯುತ್ತರಕ್ಕೆ ಎರಡು ಅಂಕ ಕೊಡುತ್ತಿದ್ದೆ. ಅದು ವಿಷವೆಂದು ಒಮ್ಮೆಯೂ ಹೇಳಲಿಲ್ಲ. ಸಂಜೆ ಅದೇ ಮಕ್ಕಳು ನವರಂಗ್ ಬಳಿ, ಆಟೋಗಳ ಹೊಗೆಯ ನಡುವೆ ಬಸ್ಸಿಗೆ ಕಾಯುತ್ತಿದ್ದರು.

ಆಗ ಯಾರಿಗೂ ತಿಳಿದಿರಲಿಲ್ಲ ಎನ್ನುವಂತಿಲ್ಲ. 1924ರಲ್ಲೇ ಅಮೆರಿಕದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಸತ್ತಿದ್ದರು. ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಇದೇ ಬಗೆಯ ಉಪಕರಣದಿಂದ ಉಲ್ಕಾಶಿಲೆಯ ಸೀಸವನ್ನು ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದರು. ಆ ಕೆಲಸದಲ್ಲಿ ಅವರಿಗೆ ಅಡ್ಡಿಯಾದದ್ದು ಎಲ್ಲೆಲ್ಲೂ ತುಂಬಿದ್ದ ಹೊರಗಿನ ಸೀಸ. ಅದರ ಮೂಲವನ್ನು ಹುಡುಕಿಹೊರಟ ಅವರು, 1965ರಲ್ಲಿ ಮನುಷ್ಯರ ದೇಹದಲ್ಲಿನ ಸೀಸ ಸಹಜವಾದುದಲ್ಲವೆಂದು ಬರೆದರು. ಉದ್ಯಮದ ವಿರೋಧಕ್ಕೆ ಅವರು ಜಗ್ಗಲಿಲ್ಲ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ವಿರುದ್ಧ ದುಡಿದರು. ಜಾರ್ಜ್ ಫೌಂಡೇಶನ್ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. 1999ರ ಫೆಬ್ರವರಿಯಲ್ಲಿ ಇಲ್ಲಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. 2021ರಲ್ಲಿ ಅಲ್ಜೀರಿಯಾ ಕೊನೆಯದಾಗಿ ಕೈಬಿಟ್ಟಿತು.

ನನ್ನ ಅಭಿಪ್ರಾಯ ಇಷ್ಟೆ: ಪದಾರ್ಥದ ಉಪಯೋಗವನ್ನು ಕಲಿಸುವ ಪುಟದಲ್ಲೇ ಅದರ ಅಪಾಯವನ್ನೂ ಕಲಿಸಬೇಕು. ಹಾಗೆ ಮಾಡಿದರೆ ಮಕ್ಕಳು ವಿಜ್ಞಾನಕ್ಕೆ ಹೆದರುತ್ತಾರೆ ಎಂದು ಕೆಲವು ಸಹೋದ್ಯೋಗಿಗಳು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಸೀಸವನ್ನು ಪೆಟ್ರೋಲಿಗೆ ಬೆರೆಸಿದ್ದೂ ರಸಾಯನಶಾಸ್ತ್ರವೇ, ಅದನ್ನು ಹಿಡಿದುಕೊಟ್ಟದ್ದೂ ರಸಾಯನಶಾಸ್ತ್ರವೇ. ಎರಡನ್ನೂ ಕೇಳಿದ ಮಗು ಹೆದರುವುದಿಲ್ಲ, ಅಳೆದು ನೋಡಲು ಕಲಿಯುತ್ತದೆ.

ಸೀಸವಿನ್ನೂ ಹೋಗಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿರಿ. ನಿಮ್ಮ ಮಕ್ಕಳಿಗೂ ಓದಿಸಿರಿ.

ನನ್ನ ತರಗತಿಯಲ್ಲಿ ಕುಳಿತು ಆ ಎರಡು ಅಂಕ ಪಡೆದವರೆಲ್ಲರಿಗೂ ಇಂದು ಉಳಿದ ಅರ್ಧ ಪಾಠ ಒಪ್ಪಿಸಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.